ನಲವತ್ತೊಂದು ಎಂದು ಬರೆಸಿದ ವರ್ಷ

ಹೋದ ತಿಂಗಳು ತಂಗಿಯ ಮಗಳ ಮದುವೆಗೆ ಸೀರೆ ನೋಡಲೆಂದು ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗಿದ್ದೆವು. ನೇಯುವವರ ಮನೆಯ ಹಿತ್ತಲಲ್ಲಿ ದೊಡ್ಡ ಪಾತ್ರೆ ಇಟ್ಟು ರೇಷ್ಮೆ ನೂಲನ್ನು ಸೋಪಿನ ನೀರಿನಲ್ಲಿ ಕುದಿಸುತ್ತಿದ್ದರು. ಬಣ್ಣ ಹಾಕುವ ಮೊದಲು ನೂಲಿನ ಅಂಟು ಬಿಡಿಸಲು ಹಾಗೆ ಕುದಿಸುತ್ತಾರೆ. ಅದರ ವಾಸನೆ ಹೊಸಬರಿಗೆ ಹಿಡಿಸುವುದಿಲ್ಲ. ತಂಗಿ ಮೂಗಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ನಾನು ಒಲೆಯ ಪಕ್ಕ ನಿಂತುಬಿಟ್ಟೆ. ಆ ವಾಸನೆಯೊಳಗೇ ನಾನು ಆರು ವರ್ಷ ಸಂಸಾರ ಮಾಡಿದವಳು. ಅದರಲ್ಲಿ ಐದು ವರ್ಷ ಹೇಗೆ ಕಳೆಯಿತೋ ನೆನಪಿಲ್ಲ. ಒಂದು ವರ್ಷ ಮಾತ್ರ ಬೇಡವೆಂದರೂ ನೆನಪಾಗುತ್ತದೆ.

ನಮ್ಮ ಮನೆಯವರು ತೀರಿಕೊಂಡು ಐದು ವರ್ಷವಾಯಿತು. ಅವರಿದ್ದಾಗ ಇದನ್ನು ಬರೆಯುವ ಮನಸ್ಸು ಬರಲಿಲ್ಲ. ಬರೆದು ಓದಿ ಹೇಳಿದ್ದರೆ ತಪ್ಪನ್ನು ಅವರೇ ಹೊತ್ತುಕೊಳ್ಳುತ್ತಿದ್ದರು. ಪೆನ್ನು ಅವರದು, ನಿಜ. ಬರೆಸಿದವಳು ನಾನು.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಮಕ್ಕಳ ಹಾಸ್ಟೆಲುಗಳನ್ನು ನೋಡಿಕೊಳ್ಳುವ ಒಂದು ಸರ್ಕಾರಿ ಕಚೇರಿಯಲ್ಲಿ ಅವರು ಗುಮಾಸ್ತರು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ವರ್ಗವಾದಾಗ ನೇಯುವವರ ಮನೆಯ ಹಿಂಭಾಗದ ಎರಡು ಕೋಣೆ ಬಾಡಿಗೆಗೆ ಸಿಕ್ಕಿತು. ನಾವಿಬ್ಬರು, ಅತ್ತೆಯವರು, ಮೂರೇ ಜನ. ಮಗನನ್ನು ಶಾಲೆ ತಪ್ಪಿಸುವುದು ಬೇಡವೆಂದು ಚಳ್ಳಕೆರೆಯಲ್ಲಿ ನನ್ನ ಅಣ್ಣನ ಮನೆಯಲ್ಲೇ ಬಿಟ್ಟಿದ್ದೆವು. ಅಣ್ಣನಿಗೆ ಶೇಂಗಾ ವ್ಯಾಪಾರ, ಮನೆ ದೊಡ್ಡದು, ಅತ್ತಿಗೆಯ ಮನಸ್ಸೂ ದೊಡ್ಡದು. ಓದುವ ಹುಡುಗನಿಗೆ ಇನ್ನೊಂದು ಮನೆಯಲ್ಲಿ ಒಂದು ಚಾಪೆಯ ಜಾಗ ಸಿಕ್ಕಿತಲ್ಲ, ಅದೂ ದೇವರು ಕೊಟ್ಟದ್ದೇ ಎಂದು ದಿನವೂ ಪೂಜೆಗೆ ಕೂತಾಗ ನೆನೆಯುತ್ತಿದ್ದೆ.

ಮಳೆ ಹೋಗಿ ಅದು ಮೂರನೇ ವರ್ಷ. ಊರ ಸುತ್ತ ಗುಡ್ಡಗಳ ಬಂಡೆಗಳು ಬೆಳಗ್ಗೆ ಎಂಟಕ್ಕೇ ಕಾದು ಕೂರುತ್ತಿದ್ದವು. ಆಷಾಢದ ಗಾಳಿ ಆಶ್ವಯುಜ ಬಂದರೂ ನಿಂತಿರಲಿಲ್ಲ. ನಲ್ಲಿಗೆ ವಾರಕ್ಕೊಂದು ಸಲ ನೀರು. ಅದೂ ಸೋಮವಾರ ಬರುತ್ತಿತ್ತು. ನನ್ನ ಉಪವಾಸದ ದಿನವೇ ನೀರು ಬರುತ್ತದಲ್ಲ, ಅಡಿಗೆಯ ಗಡಿಬಿಡಿ ಇಲ್ಲದೆ ತುಂಬಿಸಿಕೊಳ್ಳಬಹುದು ಎಂದು ಅದನ್ನೂ ಒಳ್ಳೆಯದರ ಲೆಕ್ಕಕ್ಕೆ ಹಾಕಿಕೊಂಡಿದ್ದೆ.

ಆ ಕಾಲದಲ್ಲಿ ಬೋರಮ್ಮ ಎಂಬ ಹೆಂಗಸು ಗುಡ್ಡದ ಸೀತಾಫಲ ಹೊತ್ತು ನಮ್ಮ ಬಾಗಿಲಿಗೆ ಬರುತ್ತಿದ್ದಳು. ಆ ವರ್ಷದ ಹಣ್ಣು ನಿಂಬೆಹಣ್ಣಿನಷ್ಟೇ ಇದ್ದವು. ಒಡೆದರೆ ಬೀಜ ಬಿಟ್ಟು ಏನಿಲ್ಲ. ಅವಳ ಹಟ್ಟಿ ಗುಡ್ಡದ ಆಚೆ, ಆಂಧ್ರದ ಗಡಿಯ ಹತ್ತಿರ. ಮನೆಯಲ್ಲಿ ತೆಲುಗು, ಬಾಗಿಲಲ್ಲಿ ಕನ್ನಡ. ಅವಳ ಮಗಳು ಪಾಲಮ್ಮ. ಹಟ್ಟಿಯಲ್ಲಿ ಐದನೇ ತರಗತಿವರೆಗೆ ಮಾತ್ರ ಶಾಲೆ ಇದ್ದುದರಿಂದ ಆ ಹುಡುಗಿ ಎರಡು ವರ್ಷದಿಂದ ಮೊಳಕಾಲ್ಮೂರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿದ್ದು ಏಳನೇ ತರಗತಿ ಓದುತ್ತಿದ್ದಳು. ಭಾನುವಾರ ತಾಯಿ ಬಂದರೆ ಅವಳೂ ನಮ್ಮ ಜಗಲಿಗೆ ಬಂದು ಕೂರುವಳು. ಮಾತು ಕಡಿಮೆ. ನಮ್ಮ ಮನೆಯವರು ಓದಿಬಿಟ್ಟ ಪೇಪರನ್ನು ಜಾಹೀರಾತೂ ಬಿಡದೆ ಓದುತ್ತಿದ್ದಳು. ಒಮ್ಮೆ ಅತ್ತೆಯವರು ತಮಾಷೆಗೆ, ‘ಏನೇ, ಅಮಲ್ದಾರಳಾಗ್ತೀಯಾ?’ ಎಂದರೆ ತಲೆ ಎತ್ತದೆ, ‘ನರ್ಸು ಆಗ್ತೀನಿ’ ಎಂದಳು. ಮೊದಲೇ ಯಾವಾಗಲೋ ತೀರ್ಮಾನ ಮಾಡಿ ಇಟ್ಟುಕೊಂಡವಳ ಹಾಗೆ.

ದೀಪಾವಳಿ ಕಳೆದ ವಾರ ತಾಯಿ ಮಗಳು ಇಬ್ಬರೂ ಬಂದರು. ಬೋರಮ್ಮನ ತಲೆಯ ಮೇಲೆ ಹಣ್ಣಿನ ಬುಟ್ಟಿ ಇರಲಿಲ್ಲ. ಪಾಲಮ್ಮನ ಹಾಸ್ಟೆಲಿನ ತಗಡಿನ ಟ್ರಂಕು ಇತ್ತು. ಹಟ್ಟಿಗೆ ಹಟ್ಟಿಯೇ ಗುಳೆ ಹೊರಟಿದೆ, ಬಳ್ಳಾರಿ ಕಡೆ ನೀರಾವರಿ ಹೊಲಗಳಲ್ಲಿ ಹತ್ತಿ ಬಿಡಿಸುವ ಕೆಲಸ ಇದೆಯಂತೆ, ಸಣ್ಣ ಕೂಸನ್ನು ನೋಡಿಕೊಳ್ಳಲು ಇವಳೂ ಬೇಕು ಎಂದಳು. ಗುಳೆ ಎಂದರೆ ಬೇರೆಯವರಿಗೆ ಗೊತ್ತಿರಲಿಕ್ಕಿಲ್ಲ. ಮನೆಗೆ ಕದ ಹಾಕಿ, ಕೋಳಿ ಕುರಿ ಮಾರಿ, ಕೆಲಸ ಇರುವ ಕಡೆಗೆ ಎಲ್ಲರೂ ಎದ್ದು ಹೋಗುವುದು. ಮಳೆ ಬಂದರೆ ಬರುವುದು.

‘ಟ್ರಂಕು ನಿಮ್ತಾವ ಇರ್ಲಿ ಅವ್ವ,’ ಎಂದಳು ಬೋರಮ್ಮ. ‘ಬಂದ ಮ್ಯಾಲೆ ತಗಂತೀವಿ. ಹಾಸ್ಟೆಲ್ನಾಗೆ ಬಿಟ್ರೆ ಯಾರ್ದೋ ಏನೋ.’

ನಾನು ಟ್ರಂಕನ್ನು ಮಂಚದ ಕೆಳಗೆ ತಳ್ಳಿದೆ. ಪಾಲಮ್ಮ ಹೊಸಿಲಾಚೆಯಿಂದಲೇ ಬಗ್ಗಿ ಅದು ಗೋಡೆಗೆ ತಾಗಿದೆಯೇ ನೋಡಿದಳು. ಪುಸ್ತಕಕ್ಕೆ ಗೆದ್ದಲು ಹತ್ತಬಾರದಲ್ಲ. ಆಗ ನಾನು ಒಂದು ಮಾತು ಹೇಳಿದೆ. ‘ಧೈರ್ಯವಾಗಿ ಹೋಗಿ ಬಾ. ಸೀಟು ಎಲ್ಲೂ ಹೋಗಲ್ಲ. ನಮ್ಮ ಮನೆಯವರು ಅದೇ ಆಫೀಸ್ನಲ್ಲಿ ಅದಾರೆ, ನಾನು ನೋಡ್ಕಂತೀನಿ.’ ಯಾರೂ ಕೇಳಿರಲಿಲ್ಲ. ಸುಮ್ಮನೆ ಬಾಯಿಗೆ ಬಂತು, ಹೇಳಿದೆ. ಹುಡುಗಿ ನನ್ನ ಮುಖ ನೋಡಿ ತಲೆಯಾಡಿಸಿದಳು.

ಇದಾಗಿ ಹತ್ತು ದಿನವೂ ಆಗಿರಲಿಲ್ಲ, ಕಚೇರಿಗೆ ಒಂದು ಹೊಸ ನಮೂನೆಯ ಹಾಳೆ ಬಂತು.

ಆಗ ಸರ್ಕಾರದ ಕೈಯಲ್ಲೂ ಏನಿರಲಿಲ್ಲವಂತೆ. ಮಳೆ ಇಲ್ಲ, ಬೆಳೆ ಇಲ್ಲ, ವ್ಯಾಪಾರ ಇಲ್ಲ. ಮುಂದೆ ತೆರಿಗೆ ಎಷ್ಟು ಬಂದೀತು ಎಂಬುದು ಬೆಂಗಳೂರಿನಲ್ಲಿ ಕೂತವರಿಗೂ ಗೊತ್ತಿಲ್ಲ. ಅಲ್ಲಿಯವರೆಗೆ ಕಚೇರಿಯವರು ಬರುವ ಒಂದು ವರ್ಷಕ್ಕೆ ಏನು ಬೇಕೆಂದು ಮಾತ್ರ ಬರೆದು ಕಳಿಸುತ್ತಿದ್ದರು. ಸಾಲದೆ ಹೋದರೆ ನಡುವೆ ಇನ್ನೊಂದು ಪತ್ರ ಬರೆದರೆ ಅಷ್ಟೋ ಇಷ್ಟೋ ಬರುತ್ತಿತ್ತು. ಇನ್ನು ಮೇಲೆ ಹಾಗಿಲ್ಲ. ಮುಂದಿನ ಮೂರು ವರ್ಷಕ್ಕೆ ಏನೇನು ಬೇಕಾಗುತ್ತದೆ ಎಂಬುದನ್ನು ಈಗಲೇ ಬರೆಯಬೇಕು, ಬರೆದದ್ದರ ಮೇಲೆ ಮೂರು ವರ್ಷಕ್ಕೂ ಮಿತಿ ಹಾಕುತ್ತಾರೆ. ಮಧ್ಯಮಾವಧಿ ಮುನ್ನಂದಾಜು ಎಂದು ಅದರ ಹೆಸರು. ನಮ್ಮ ಮನೆಯವರು ಅದನ್ನು ಎರಡು ಮೂರು ಸಲ ಬಾಯಲ್ಲಿ ಹೇಳಿಕೊಂಡರು. ಹೊಸ ಮಾತ್ರೆಯ ಹೆಸರು ಹೇಳಿಕೊಳ್ಳುವ ಹಾಗೆ.

ಹಾಳೆಯಲ್ಲಿ ಮೂರು ಅಂಕಣ, ಮೂರು ವರ್ಷಕ್ಕೆ. ಪ್ರತಿ ಹಾಸ್ಟೆಲಿನಲ್ಲಿ ಎಷ್ಟು ಮಕ್ಕಳಿರುತ್ತಾರೆ ಎಂದು ತುಂಬಬೇಕು. ಅನ್ನ, ಸೋಪು, ಎಣ್ಣೆ, ಅಡಿಗೆಯವರು ಎಲ್ಲ ಆ ಸಂಖ್ಯೆಯ ಮೇಲೆ. ಬೇರೆ ಊರಿನ ಗುಮಾಸ್ತರು ಹಿಂದಿನ ರೂಢಿಯಂತೆ ವರ್ಷಕ್ಕೆ ಹತ್ತು ಹತ್ತು ಏರಿಸಿ ಬರೆದು ಒಂದೇ ಮಧ್ಯಾಹ್ನದಲ್ಲಿ ಕಳಿಸಿದ್ದರಂತೆ. ನಮ್ಮ ಮನೆಯವರಿಗೆ ಅದು ಆಗಲಿಲ್ಲ. ಆಗದಂತೆ ಮಾಡಿದವಳು ನಾನು.

ಅದಕ್ಕೆ ಕಾರಣ ಹೇಳಬೇಕು. ಇದಕ್ಕೆ ನಾಲ್ಕು ವರ್ಷ ಹಿಂದೆ ಅವರು ಬೇರೊಂದು ಕಡೆ ಇದ್ದಾಗ, ಯಾರೋ ಹಾಜರಿ ಪುಸ್ತಕದಲ್ಲಿ ಇಲ್ಲದ ಹುಡುಗರ ಹೆಸರು ಬರೆದಿದ್ದರು. ಇವರು ನೋಡದೆ ಕೆಳಗೆ ರುಜು ಹಾಕಿದ್ದರು. ವಿಚಾರಣೆ ಎಂದು ಎಂಟು ತಿಂಗಳು ಮನೆಯಲ್ಲಿ ಕೂರಿಸಿದರು. ಆ ಎಂಟು ತಿಂಗಳು ಅವರು ಬೀದಿಯ ಕಡೆಯ ಕಿಟಕಿ ತೆರೆಯಲಿಲ್ಲ. ಆಗ ನಾನು ಜಟಿಂಗ ರಾಮೇಶ್ವರನ ಬೆಟ್ಟ ಹತ್ತಿ ಹರಕೆ ಹೊತ್ತೆ. ‘ಇದೊಂದರಿಂದ ಪಾರು ಮಾಡು ತಂದೆ. ಕಣ್ಣಾರೆ ಕಾಣದ್ದನ್ನು ಇವರು ಇನ್ನೆಂದೂ ಕಾಗದದ ಮೇಲೆ ಬರೆಯದ ಹಾಗೆ ನಾನು ನೋಡಿಕೊಳ್ಳುತ್ತೇನೆ’ ಎಂದು. ವಿಚಾರಣೆಯಲ್ಲಿ ಇವರದು ತಪ್ಪಿಲ್ಲ ಎಂದಾಯಿತು. ಹರಕೆಯನ್ನು ಇವರಿಗೆ ಹೇಳಿ, ಲಿಂಗ ಮುಟ್ಟಿಸಿ ಮಾತು ತೆಗೆದುಕೊಂಡೆ. ಆಮೇಲೆ ಅವರು ಹಾಸ್ಟೆಲಿಗೆ ಹೋದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತಾವೇ ಬೆರಳು ಮಡಿಸಿ ಎಣಿಸಿ ಬರುತ್ತಿದ್ದರು. ಬೇರೆ ಗುಮಾಸ್ತರು ನಕ್ಕರೂ ನಾವು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆವು.

ಈಗಲೂ ಹಾಗೇ ಹೋಗಿ ಎಣಿಸಿದರು. ಹೆಣ್ಣುಮಕ್ಕಳ ಹಾಸ್ಟೆಲಿಗೆ ಮಂಜೂರಾದದ್ದು ಎಪ್ಪತ್ತೈದು. ಅವತ್ತು ಸಾಲಿನಲ್ಲಿ ನಿಂತವರು ನಲವತ್ತೊಂದು. ಮಿಕ್ಕವರು ಗುಳೆ ಹೋಗಿದ್ದರು.

ಹಾಸ್ಟೆಲಿನ ಮೇಲ್ವಿಚಾರಕಿ ಸರೋಜಮ್ಮ ಮರುದಿನ ಮನೆಗೇ ಬಂದರು. ಗಟ್ಟಿ ಹೆಂಗಸು, ಗಂಡನಿಲ್ಲದೆ ಇಬ್ಬರು ಮಕ್ಕಳನ್ನು ಸಾಕಿದವರು. ಕಾಫಿ ಲೋಟ ಕೆಳಗಿಟ್ಟವರೇ ವಿಷಯಕ್ಕೆ ಬಂದರು.

‘ಅಣ್ಣಾ, ಎಪ್ಪತ್ತೈದೇ ಬರೀರಿ. ಹುಡುಗ್ರು ಎಲ್ಲೂ ಹೋಗಿಲ್ಲ, ಬಳ್ಳಾರಿ ಕಡೆ ಹೊಲದಾಗೆ ಅದಾವೆ. ಮಳೆ ಬಿದ್ದ ವಾರಕ್ಕೆ ಬಂದು ಬಾಗ್ಲಾಗೆ ನಿಂತ್ಕಂತಾವೆ.’

‘ಮಳೆ ಬೀಳ್ತೈತೆ ಅಂತ ಯಾರು ಬರ್ಕೊಡ್ತಾರೆ ಮೇಡಂ?’

‘ಬೀಳಲ್ಲ ಅಂತ ಯಾರು ಬರ್ಕೊಟ್ಟವ್ರೆ?’

ಇವರು ಹಾಳೆಯ ಜೊತೆ ಬಂದ ಪತ್ರವನ್ನು ಅವರ ಮುಂದಿಟ್ಟರು. ಆಧಾರವಿಲ್ಲದೆ ಹೆಚ್ಚಿಗೆ ತೋರಿಸಿದರೆ ತೋರಿಸಿದವರೇ ಹೊಣೆ ಎಂದು ಆ ಪತ್ರದ ಕೊನೆಯಲ್ಲಿ ಒಂದು ಸಾಲಿತ್ತು. ಸರೋಜಮ್ಮ ಎದ್ದು ಹೋಗುವಾಗ ನನ್ನ ಕಡೆ ತಿರುಗಿ, ‘ನೀವಾದ್ರೂ ಹೇಳಿ ಅಕ್ಕ’ ಎಂದರು.

ನಾನು ಹೇಳಿದೆ. ಅವರು ಕೇಳಿದ್ದಕ್ಕೆ ತಿರುಗಾಮುರುಗಾ ಹೇಳಿದೆ. ಮಧ್ಯಾಹ್ನ ಚಾಪೆಯ ಮೇಲೆ ಹಾಳೆ ಹರಡಿಕೊಂಡು ನಮ್ಮ ಮನೆಯವರು, ‘ಏನ್ಮಾಡಣ ಗಿರಿಜಾ?’ ಎಂದು ಕೇಳಿದರು. ದೊಡ್ಡ ವಿಷಯಕ್ಕೆಲ್ಲ ಹಾಗೆ ಕೇಳುವುದು ಅವರ ಅಭ್ಯಾಸ. ನಾನು ಅಕ್ಕಿ ಆರಿಸುತ್ತಿದ್ದೆ. ತಲೆ ಎತ್ತದೆ, ‘ಬಂದಾಗ ಬರೆದರಾಯ್ತು. ಇಲ್ಲದ ಕೂಸುಗಳ ಹೆಸರಿನಾಗೆ ಅನ್ನ ಬರೆಸ್ಕಂಡ್ರೆ ರಾಮೇಶ್ವರ ಸುಮ್ನೆ ಬಿಡ್ತಾನಾ? ಮಾತು ಕೊಟ್ಟಿದ್ದೀರಿ’ ಎಂದೆ.

ಬಂದಾಗ ಬರೆಯಲಾಗದ ಹಾಳೆ ಅದು ಎಂದು ಅವರು ಆಗಲೇ ನನಗೆ ಹೇಳಿದ್ದರು. ಮೂರು ವರ್ಷಕ್ಕೆ ಒಂದೇ ಸಲ ಎಂದು ಬಿಡಿಸಿ ಹೇಳಿದ್ದರು. ಕೇಳಿದ್ದೆ, ತಲೆಗೆ ಹೋಗಿರಲಿಲ್ಲ. ಮುಂದಿನದು ಎಂದರೆ ಯಾರೂ ಕಣ್ಣಾರೆ ಕಾಣದ್ದು, ಅದನ್ನು ಬರೆಯುವುದೇ ಆ ಹಾಳೆಯ ಕೆಲಸ, ಅಲ್ಲಿ ಸುಳ್ಳು ನಿಜ ಎಂಬ ಮಾತು ಬೇರೆಯೇ ಆಗುತ್ತದೆ ಎಂಬುದು ನನಗೆ ಆಗ ತಿಳಿಯಲಿಲ್ಲ. ಅವರಿಗೆ ತಿಳಿದಿತ್ತು ಅನ್ನಿಸುತ್ತದೆ. ಆದರೆ ಎಂಟು ತಿಂಗಳು ಕಿಟಕಿ ಮುಚ್ಚಿಕೊಂಡು ಕೂತವರಿಗೆ ಹೆಂಡತಿ ನೆನಪಿಸಿದ ಆಣೆಯನ್ನು ಮೀರುವ ಶಕ್ತಿ ಎಲ್ಲಿಂದ ಬರಬೇಕು?

ಮೂರು ಅಂಕಣದಲ್ಲೂ ನಲವತ್ತೊಂದು, ನಲವತ್ತೊಂದು, ನಲವತ್ತೊಂದು ಎಂದು ಬರೆದರು. ಕಾರ್ಬನ್ ಕಾಗದ ಕೆಳಗಿತ್ತು, ಒತ್ತಿ ಬರೆದರು. ಗುಳೆ ಹೋದವರ ಹೆಸರುಗಳನ್ನು ಹಾಸ್ಟೆಲಿನ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದು ಹೊಡೆದರು. ಲಕೋಟೆಗೆ ಹಾಕುವ ಮೊದಲು ನಾನೇ ವಿಭೂತಿ ಮುಟ್ಟಿಸಿ ಕೊಟ್ಟೆ.

ಮೇಲಿನ ಸಾಹೇಬರಿಗೆ ಬಹಳ ಸಂತೋಷವಾಯಿತಂತೆ. ಖರ್ಚು ತಗ್ಗಿಸಿ ಎಂದು ಮೇಲಿನಿಂದ ದಿನಾ ಹೇಳುತ್ತಿದ್ದ ಕಾಲ ಅದು. ಕೆಳಗಿನಿಂದ ಇಳಿದ ಲೆಕ್ಕ ಬಂದದ್ದು ಇದೇ ಮೊದಲು ಎಂದು ಮೀಟಿಂಗಿನಲ್ಲಿ ಎಲ್ಲರೆದುರು ಇವರ ಹೆಸರು ಹೇಳಿದರು. ಆ ದಿನ ಅವರು ದಾರಿಯಲ್ಲಿ ಅರ್ಧ ಕೆಜಿ ಜಹಾಂಗೀರು ತಂದರು. ಕಾರ್ತೀಕದ ಕೊನೆಯ ಸೋಮವಾರ ನಾನು ಮತ್ತೆ ಬೆಟ್ಟ ಹತ್ತಿ ಹಣ್ಣುಕಾಯಿ ಮಾಡಿಸಿದೆ. ಹತ್ತುವಾಗ ಕಾಲು ನೋಯಲಿಲ್ಲ. ಅಷ್ಟು ಹಗುರಾಗಿದ್ದೆ.

ಚಳಿ ಹೋಯಿತು, ಶಿವರಾತ್ರಿ ಹೋಯಿತು. ಟ್ರಂಕು ಮಂಚದ ಕೆಳಗಿತ್ತು. ಕಸ ಹೊಡೆಯುವಾಗ ಎಳೆದು ಒರೆಸಿ, ಬೇವಿನ ಸೊಪ್ಪು ಬದಲಾಯಿಸಿ ಮತ್ತೆ ತಳ್ಳುತ್ತಿದ್ದೆ. ಬಳ್ಳಾರಿ ಕಡೆಯಿಂದ ಹಬ್ಬಕ್ಕೆ ಬಂದ ಒಬ್ಬ ಮುದುಕನ ಕೈಯಲ್ಲಿ ಪಾಲಮ್ಮ ಚೀಟಿ ಕಳಿಸಿದ್ದಳು. ಲೆಕ್ಕದ ಪುಸ್ತಕವೊಂದನ್ನು ಕೊಟ್ಟು ಕಳಿಸಬೇಕು, ಮಧ್ಯಾಹ್ನ ಕೂಸು ಮಲಗಿದಾಗ ಓದಿಕೊಳ್ಳುತ್ತೇನೆ ಎಂದು ಬರೆದಿದ್ದಳು. ಅಕ್ಷರ ದುಂಡಗಿದ್ದವು. ಪುಸ್ತಕದ ಜೊತೆ ಒಂದು ಪೆನ್ಸಿಲ್ ಇಟ್ಟು ಕಳಿಸಿದೆ.

ಬೇಸಿಗೆಯಲ್ಲಿ ಮಂಜೂರಾತಿ ಬಂತು. ಮೂರು ವರ್ಷಕ್ಕೂ ನಲವತ್ತೊಂದು. ಒಬ್ಬ ಅಡಿಗೆಯವಳನ್ನು ಬೇರೆ ಕಡೆ ಹಾಕಿದ್ದರು. ಇವರು ಆ ಕಾಗದವನ್ನು ಮನೆಗೆ ತಂದು ಎರಡು ಸಲ ಓದಿ ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಏನೆಂದು ನಾನು ಕೇಳಲಿಲ್ಲ. ನಾವು ಹೇಳಿದಷ್ಟೇ ಕೊಟ್ಟಿದ್ದಾರಲ್ಲ ಎಂದುಕೊಂಡೆ.

ಜೂನ್ ತಿಂಗಳ ಮೊದಲ ವಾರ ಮಳೆ ಬಂತು. ಮಧ್ಯಾಹ್ನ ಮೂರರ ಹೊತ್ತಿಗೆ ಗುಡ್ಡದ ಹಿಂದಿನಿಂದ ಮೋಡ ಎದ್ದದ್ದೇ ತಡ, ಬಂಡೆಗಳ ಮೇಲೆಲ್ಲ ನೀರು ಜಾರತೊಡಗಿತು. ನೇಯುವ ಮನೆಯಲ್ಲಿ ಮಗ್ಗದ ಸದ್ದು ನಿಂತು ಎಲ್ಲರೂ ಬೀದಿಗೆ ಬಂದರು. ಅತ್ತೆಯವರು ಬಾಗಿಲಲ್ಲಿ ನಿಂತು ಕೈ ಚಾಚಿ ನೀರು ಹಿಡಿದು ಕಣ್ಣಿಗೊತ್ತಿಕೊಂಡರು. ಬಿಂದಿಗೆ, ಬಕೀಟು, ದೇವರ ತಂಬಿಗೆ ಸಹ ಹೊರಗಿಟ್ಟು ನಾನು ಒಳಗೆ ಬಂದರೆ ಕಚೇರಿಯಿಂದ ನೆನೆದು ಬಂದ ನಮ್ಮ ಮನೆಯವರು ಬಟ್ಟೆ ಬದಲಾಯಿಸದೆ ಕುರ್ಚಿಯಲ್ಲಿ ಕೂತಿದ್ದರು. ಮಳೆಗೆ ಹೆದರಿ ಕೂತ ಮನುಷ್ಯನನ್ನು ಆ ಸೀಮೆಯಲ್ಲಿ ನಾನು ನೋಡಿದ್ದು ಅದೊಂದೇ ಸಲ.

‘ಎಲ್ಲಾ ವಾಪಸ್ ಬರ್ತಾರೆ ಗಿರಿಜಾ,’ ಎಂದರು.

ಬಂದರು. ಸರೋಜಮ್ಮ ಹೇಳಿದ ಹಾಗೆ ವಾರದೊಳಗೆ ಹಾಸ್ಟೆಲಿನ ಬಾಗಿಲಲ್ಲಿ ಹುಡುಗಿಯರು ಬಂದು ನಿಂತರು. ಹೆಸರು ಹೊಡೆಯದೆ ಉಳಿದವರಿಗೆ ಮೊದಲು ಎಂದು ನಿಯಮ. ಅವರಲ್ಲಿ ಹತ್ತನೇ ತರಗತಿ ಮುಗಿಸಿ ಹೋದ ಆರು ಜನರ ಜಾಗ ಮಾತ್ರ ಖಾಲಿ. ಅದಕ್ಕೆ ಮೊದಲು ಬಂದ ಆರು ಜನ ಸೇರಿದರು. ಬೋರಮ್ಮನ ಮೇಸ್ತ್ರಿ ಕೂಲಿ ಕೊಡಲು ಸತಾಯಿಸಿ ಅವರು ಹೊರಟಿದ್ದೇ ನಾಲ್ಕು ದಿನ ತಡ.

ಅವರು ಬಂದ ದಿನ ನಾನು ಹಾಸ್ಟೆಲಿನ ಬಾಗಿಲಲ್ಲೇ ಇದ್ದೆ. ಮಾತು ಕೊಟ್ಟವಳು ಮನೆಯಲ್ಲಿ ಹೇಗೆ ಕೂರಲಿ? ಪಾಲಮ್ಮ ಎತ್ತರವಾಗಿದ್ದಳು, ಕಪ್ಪಾಗಿದ್ದಳು. ಕೈಬೆರಳ ತುದಿಯೆಲ್ಲ ಹತ್ತಿಕಾಯಿಯ ಮುಳ್ಳು ಗೀರಿ ಒರಟಾಗಿದ್ದವು. ನನ್ನನ್ನು ನೋಡಿ ನಕ್ಕಳು. ಆ ಹುಡುಗಿ ಹಲ್ಲು ಬಿಟ್ಟು ನಕ್ಕಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಸರೋಜಮ್ಮ ಪುಸ್ತಕ ತಂದು ತೋರಿಸಿದರು. ಪಾಲಮ್ಮ ತನ್ನ ಹೆಸರನ್ನು ತಾನೇ ಹುಡುಕಿ ಕೆಂಪು ಗೆರೆಯ ಕೆಳಗೆ ಓದಿದಳು. ಆಮೇಲೆ ಮೆಲ್ಲಗೆ, ‘ಇದನ್ನು ಯಾರು ಹೊಡೆದಿದ್ದು ಮೇಡಂ?’ ಎಂದು ಕೇಳಿದಳು.

ಸರೋಜಮ್ಮ ನನ್ನ ಕಡೆ ನೋಡಲಿಲ್ಲ. ‘ಆಫೀಸ್ನೋರು ಕಣಮ್ಮ,’ ಎಂದರು. ಆ ಹೆಂಗಸು ನನಗೆ ಮಾಡಿದ ಆ ಉಪಕಾರವನ್ನು ನಾನು ಮರೆಯುವಂತಿಲ್ಲ. ನೆನೆದರೆ ನಾಚಿಕೆ.

ಇಬ್ಬರನ್ನೂ ಮನೆಗೆ ಊಟಕ್ಕೆ ಕರೆದುಕೊಂಡು ಬಂದೆ. ನಮ್ಮ ಮನೆಯವರೂ ಊಟಕ್ಕೆ ಬಂದಿದ್ದರು. ಅವರು ಒಳಗೆ, ತಾಯಿ ಮಗಳು ಜಗಲಿಯಲ್ಲಿ. ಬೋರಮ್ಮನ ತಟ್ಟೆಗೆ ಬಿಸಿ ಮುದ್ದೆ, ಪಾಲಮ್ಮನ ತಟ್ಟೆಗೆ ಬಿಸಿ ಮುದ್ದೆ ಇಟ್ಟೆ. ಬೋರಮ್ಮ ನೋಡಿ, ‘ನಾವು ಬರ್ತೀವಂತ ಗೊತ್ತಿತ್ತಾ ಅವ್ವ, ಎಲ್ಡು ಮುದ್ದೆ ಹೆಚ್ಚಿಗೆ ಮಾಡಿದ್ದೀರಲ್ಲ?’ ಎಂದಳು.

‘ದಿನಾ ಎರಡು ಹೆಚ್ಚಿಗೆ ಕಟ್ಟಿಡ್ತೀನಿ ಬೋರಮ್ಮ. ಯಾರಾದರೂ ಬರ್ತಾರಲ್ಲ.’

‘ಒಳ್ಳೇದು ನೋಡವ್ವ,’ ಎಂದು ಅವಳು ಸಾರಿನಲ್ಲಿ ಮುದ್ದೆ ಮುರಿದಳು. ಅವಳ ಮಾತಿನಲ್ಲಿ ಏನೂ ಕೊಂಕಿರಲಿಲ್ಲ. ಒಳಗೆ ನಮ್ಮ ಮನೆಯವರ ಕೈ ತಟ್ಟೆಯಲ್ಲಿ ನಿಂತದ್ದು ನನಗೆ ಬಾಗಿಲಿನಿಂದ ಕಾಣಿಸಿತು. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಮದುವೆಯಾದಾಗಿನಿಂದ ನಾನು ದಿನವೂ ಮಾಡುತ್ತಿದ್ದ ಕೆಲಸ ಅದು. ನನ್ನ ಅವ್ವ ಮಾಡುತ್ತಿದ್ದಳು, ಅವಳ ಅತ್ತೆ ಮಾಡುತ್ತಿದ್ದಳು. ಯಾರು ಬರುತ್ತಾರೆಂದು ಒಂದು ದಿನವಾದರೂ ಕಣ್ಣಾರೆ ಕಂಡು ಹಿಟ್ಟು ಹಾಕಿದ್ದೆನೇ? ಯಾರೂ ಬಾರದ ದಿನ ಆ ಮುದ್ದೆ ನೆರೆಮನೆಯ ಎಮ್ಮೆಗೆ ಹೋಗುತ್ತಿತ್ತು. ಅದನ್ನು ಸುಳ್ಳು ಎಂದು ಯಾರೂ ಅಂದಿರಲಿಲ್ಲ. ಗಂಡನಿಗೆ ಮಾತ್ರ ಇರುವಷ್ಟಕ್ಕೇ ಬರೆಯಿರಿ ಎಂದಿದ್ದೆ.

ಅವತ್ತೇ ಹುಡುಗಿಯನ್ನು ನಮ್ಮ ಮನೆಯಲ್ಲಿಟ್ಟುಕೊಳ್ಳಬಹುದಿತ್ತು. ಓದುವವರು ಇದನ್ನು ಕೇಳಿಯೇ ಕೇಳುತ್ತಾರೆ, ನಾನೂ ಇಪ್ಪತ್ತು ವರ್ಷದಿಂದ ಕೇಳಿಕೊಂಡಿದ್ದೇನೆ. ಅತ್ತೆಯವರದು ಮಡಿ, ಒಪ್ಪುವುದಿಲ್ಲ ಎಂದು ಆಗ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅವರು ಬೇಡವೆಂದರು ಎಂದು ಇಲ್ಲಿ ಬರೆದರೆ ಅದು ಸುಳ್ಳಾಗುತ್ತದೆ. ನಾನು ಅವರನ್ನು ಕೇಳಲೇ ಇಲ್ಲ. ನನ್ನ ಮಗ ಅಣ್ಣನ ಮನೆಯಲ್ಲಿ ಚಾಪೆ ಹಾಸಿಕೊಂಡು ಓದುತ್ತಿದ್ದ. ಆ ಹುಡುಗಿಯನ್ನು ನಾನು ಜಗಲಿಯಿಂದ ಒಳಗೆ ಕರೆಯಲಿಲ್ಲ. ಎರಡು ಕೋಣೆ ಚಿಕ್ಕದಾಗಿತ್ತು ಎಂಬುದೂ ನಿಜ. ಅದಕ್ಕಿಂತ ಚಿಕ್ಕದು ನನ್ನ ಮನಸ್ಸಾಗಿತ್ತು.

ಊಟವಾದ ಮೇಲೆ ನಮ್ಮ ಮನೆಯವರು ಹೊರಗೆ ಬಂದು ಬೋರಮ್ಮನ ಎದುರು ನಿಂತರು. ತಾವೇ ಹೆಸರು ಹೊಡೆದದ್ದೆಂದು ಹೇಳಿದರು. ಪತ್ರ ಬರೆಯುತ್ತೇನೆ, ಒಂದು ತಿಂಗಳು ತಡೆಯಿರಿ, ಸರಿಮಾಡಿಸುತ್ತೇನೆ ಎಂದರು. ಬೋರಮ್ಮ, ‘ನೀವೇನ್ ಮಾಡ್ತೀರಿ ಸ್ವಾಮಿ, ಮ್ಯಾಲಿನೋರು ಹೇಳ್ದಂಗೆ’ ಎಂದು ಅವರನ್ನೇ ಸಮಾಧಾನ ಮಾಡಿದಳು. ಪಾಲಮ್ಮ ಟ್ರಂಕು ಕೇಳಿದಳು, ಮಂಚದ ಕೆಳಗಿನಿಂದ ಎಳೆದು ಜಗಲಿಗೆ ತಂದೆ. ಇಲ್ಲೇ ಇರಲಿ, ಸೀಟು ಸಿಕ್ಕ ಮೇಲೆ ಹಾಸ್ಟೆಲಿಗೇ ಒಯ್ಯಬಹುದು ಎಂದೆ. ಅವಳು ಬೇಡವೆನ್ನುವಂತೆ ತಲೆಯಾಡಿಸಿದಳು. ನನ್ನ ಮುಖ ನೋಡಲಿಲ್ಲ. ಜಗಲಿಯ ಮೇಲೆ ಸ್ವಲ್ಪ ಹೊತ್ತು ಟ್ರಂಕಿನ ಮೇಲೆ ಕೈಯಿಟ್ಟು ನಿಂತಳು.

‘ದಾ ಪಾಪಾ, ಪೋದಾಂ,’ ಎಂದಳು ತಾಯಿ. ಬಾ ಮಗಳೇ, ಹೋಗೋಣ.

ನಮ್ಮ ಮನೆಯವರು ಪತ್ರ ಬರೆದರು. ಒಂದಲ್ಲ, ಆ ಮಳೆಗಾಲದಲ್ಲಿ ಐದು. ಸ್ವಂತ ಖರ್ಚಿನಲ್ಲಿ ಚಿತ್ರದುರ್ಗಕ್ಕೆ ಮೂರು ಸಲ ಹೋಗಿ ಬಾಗಿಲು ಕಾದರು. ಕೊನೆಗೆ ಉತ್ತರ ಬಂತು. ತಮ್ಮ ಕಚೇರಿಯೇ ನೀಡಿದ ಮುನ್ನಂದಾಜಿನಂತೆ ಮಿತಿ ನಿಗದಿಯಾಗಿದೆ, ಮುಂದಿನ ಅವಧಿಯಲ್ಲಿ ಪರಿಶೀಲಿಸಲಾಗುವುದು ಎಂದಿತ್ತು. ಅದರಲ್ಲಿ ತಪ್ಪು ಹುಡುಕಲು ನಮಗೆ ಬಾಯಿರಲಿಲ್ಲ. ಕೊಡುವವರೂ ಕತ್ತಲಲ್ಲಿ ಕೈಯಾಡಿಸುತ್ತಿದ್ದರು. ಬೆಳಕು ಕೇಳಿದ್ದು ನಮ್ಮನ್ನೇ.

ಆ ಶ್ರಾವಣದಲ್ಲಿ ನಾನು ಬೆಟ್ಟಕ್ಕೆ ಹೋದೆ. ಮೆಟ್ಟಿಲ ಮೇಲೆ ಹಸಿರು ಎದ್ದಿತ್ತು, ಕಾಲು ಭಾರವಾಗಿತ್ತು. ಹರಕೆ ಬಿಡಿಸಿಕೊಳ್ಳುವುದು ಹೇಗೆಂದು ಪೂಜಾರಿಯನ್ನು ಕೇಳಲು ನಾಚಿಕೆಯಾಗಿ ನಾನೇ ಲಿಂಗದ ಎದುರು ಕೂತು ಹೇಳಿಕೊಂಡೆ. ‘ನೀನು ಕೇಳಿದ್ದಲ್ಲ ತಂದೆ ಇದು. ನನ್ನ ಹೆದರಿಕೆಯನ್ನು ತಂದು ನಿನ್ನ ಮೇಲೆ ಹಾಕಿದ್ದೆ. ವಾಪಸ್ ತಗೊಂಡು ಹೋಗ್ತೀನಿ’ ಎಂದೆ. ಅಷ್ಟು ಹೇಳಲು ಬಾಯಿ ಕೊಟ್ಟನಲ್ಲ, ಅದನ್ನು ಅವನ ದಯೆ ಎಂದೇ ತಿಳಿದಿದ್ದೇನೆ. ಇಳಿದು ಬಂದು ನಮ್ಮ ಮನೆಯವರಿಗೂ ಮಾತು ಹಿಂದಕ್ಕೆ ಕೊಟ್ಟೆ. ಅವರು ‘ಹೂಂ’ ಎಂದರು.

ಮುಂದಿನ ವರ್ಷ ಸೀತಾಫಲದ ಕಾಲದಲ್ಲಿ ಬೋರಮ್ಮ ಬಂದಳು. ಮಳೆಯಾಗಿದ್ದರಿಂದ ಒಂದೊಂದು ಹಣ್ಣು ಬೊಗಸೆ ತುಂಬುವಂತಿತ್ತು. ಆರಿಸಿ ನಾಲ್ಕು ನನ್ನ ಮಡಿಲಿಗೆ ಹಾಕಿದಳು. ಪಾಲಮ್ಮ ಹೇಗಿದ್ದಾಳೆ ಎಂದು ಕೇಳಲು ನನಗೆ ಆ ನಾಲ್ಕೂ ಹಣ್ಣನ್ನು ಒಳಗಿಟ್ಟು ಬರುವಷ್ಟು ಹೊತ್ತು ಬೇಕಾಯಿತು. ಕುರಿ ಕಾಯುತ್ತಾಳೆ, ಹಟ್ಟಿಯ ಸಣ್ಣ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಾಳೆ ಎಂದಳು. ಅದರ ಮುಂದಿನ ವರ್ಷ ಕೇಳಿದಾಗ, ‘ಕೊಟ್ಟಿವವ್ವ. ರಾಯದುರ್ಗದ ಕಡೆ. ನಮ್ ತಮ್ಮಂಗೇ. ಎಷ್ಟ್ ದಿನ ಮನ್ಯಾಗೆ ಇಟ್ಕಳಣ?’ ಎಂದಳು. ಹಣ್ಣಿನ ಬೆಲೆ ಹೇಳುವಾಗಿನ ದನಿಯಲ್ಲೇ ಹೇಳಿದಳು. ಹುಡುಗಿಗೆ ಆಗ ಹದಿನೈದು ತುಂಬಿರಲಿಲ್ಲ. ತಡೆಯಬೇಕಿತ್ತು ಎನ್ನಲು ನಾನು ಯಾರು?

ಮೂರು ವರ್ಷ ಕಳೆದು ಹಾಳೆ ಮತ್ತೆ ಬಂತು. ಈ ಸಲ ನಮ್ಮ ಮನೆಯವರು ನನ್ನನ್ನು ಏನೂ ಕೇಳಲಿಲ್ಲ. ನಾಲ್ಕು ಭಾನುವಾರ ಬಸ್ಸಿನಲ್ಲೂ ಕಾಲುನಡಿಗೆಯಲ್ಲೂ ಹಟ್ಟಿ ಹಟ್ಟಿ ತಿರುಗಿದರು. ಯಾವ ಮನೆಯಲ್ಲಿ ಹೆಣ್ಣುಮಕ್ಕಳೆಷ್ಟು, ಯಾರು ಗುಳೆ ಹೋಗಿದ್ದಾರೆ, ಎಂದು ಬರಬಹುದು, ನಾಲ್ಕನೇ ತರಗತಿಯಲ್ಲಿ ಯಾರಿದ್ದಾರೆ ಎಂದು ಮುದುಕಿಯರನ್ನು ಕೂರಿಸಿಕೊಂಡು ಕೇಳಿ ಬರೆದರು. ಚಪ್ಪಲಿ ಸವೆದು ಹೊಸದು ತರಬೇಕಾಯಿತು. ಎಪ್ಪತ್ತು ಎಂದು ಬರೆದು, ಹೇಗೆ ಎಪ್ಪತ್ತು ಎಂದು ನಾಲ್ಕು ಪುಟ ಜೊತೆಗಿಟ್ಟರು. ಮೇಲಿನವರು ಅರವತ್ತೈದು ಕೊಟ್ಟರು. ಬೈಯುವುದಕ್ಕೆ ಕಾರಣವಿರಲಿಲ್ಲ.

ಆ ಜೂನ್‌ನಲ್ಲಿ ಸರೋಜಮ್ಮ ನನ್ನನ್ನು ಹಾಸ್ಟೆಲಿಗೆ ಕರೆಸಿದರು. ಹೊಸದಾಗಿ ಸುಣ್ಣ ಹೊಡೆಸಿದ್ದರು. ಉದ್ದನೆಯ ಕೋಣೆಯಲ್ಲಿ ಎರಡೂ ಗೋಡೆಯ ಬದಿಗೆ ಹೊಸ ಚಾಪೆಗಳು, ತಲೆದಿಂಬಿನ ಕಡೆ ಒಬ್ಬೊಬ್ಬರದೂ ಒಂದೊಂದು ಪೆಟ್ಟಿಗೆ. ಹುಡುಗಿಯರು ಶಾಲೆಗೆ ಹೋಗಿದ್ದರು. ಕಿಟಕಿಯ ಪಕ್ಕ ಒಂದು ಚಾಪೆ ಮಾತ್ರ ಸುತ್ತಿದ ಹಾಗೇ ಇತ್ತು.

‘ಅರವತ್ನಾಕು ಜನ ಬಂದವ್ರೆ. ಇದೊಂದು ಉಳೀತು ನೋಡಿ ಅಕ್ಕ,’ ಎಂದರು ಸರೋಜಮ್ಮ. ‘ಇರ್ಲಿ. ಯಾರಾದ್ರೂ ಬರ್ತಾರೆ.’

ಬರಲಿ ಎಂದು ನಾನೂ ಮನಸ್ಸಿನಲ್ಲೇ ಕೇಳಿಕೊಂಡೆ. ಬೋರಮ್ಮ ಹಿಂದಿನ ದಿನವಷ್ಟೇ ಬಂದು ಹೋಗಿದ್ದಳು. ಪಾಲಮ್ಮನಿಗೆ ಆಗ ಏಳು ತಿಂಗಳು, ಹೆರಿಗೆಗೆ ತವರಿಗೆ ಕರೆತರುತ್ತಾರಂತೆ.